ಮೂರು ಬ್ಯಾರಲ್, ನಾಲ್ಕು ವರ್ಷ: ಬಳಸಿದ ಮೇಲೆ ತಿಳಿದದ್ದು

ವಿಜಯಪುರದ ನಮ್ಮ ಮನೆಯಲ್ಲಿ ಐದು ಜನ. ಓಣಿಯ ನಳಕ್ಕೆ ದಿನಾ ನೀರು ಬರುವುದಿಲ್ಲ. ಬಂದ ದಿನ ತುಂಬಿಟ್ಟುಕೊಂಡು ಮುಂದಿನ ಸರದಿಯ ತನಕ ಅದರಲ್ಲೇ ಸಾಗಿಸಬೇಕು. ನಾಲ್ಕು ವರ್ಷದಿಂದ ಕುಡಿಯುವ, ಅಡುಗೆಯ ನೀರೆಲ್ಲ ಪ್ಲಾಸ್ಟಿಕ್ ಬ್ಯಾರಲ್‌ನಲ್ಲೇ. ಬ್ಯಾರಲ್ ಒಳ್ಳೆಯ ವಸ್ತು, ಅನುಮಾನವಿಲ್ಲ. ಆದರೆ ನಾನು ಮೊದಲು ತಂದದ್ದೇ ತಪ್ಪು ಬ್ಯಾರಲ್.

ಅದು ಹಳೆ ಸಾಮಾನಿನ ಅಂಗಡಿಯ 200 ಲೀಟರಿನ ನೀಲಿ ಬ್ಯಾರಲ್. ಹೊಸದರ ಅರ್ಧ ಬೆಲೆ. "ಎರಡು ಸಲ ತೊಳೀರಿ ಅಕ್ಕಾರ, ಏನೂ ಆಗಂಗಿಲ್ಲ" ಅಂದರು. ಸೋಪಿನ ಪುಡಿ ಹಾಕಿ ತಿಕ್ಕಿದೆ, ಮೂರು ದಿನ ಬಿಸಿಲಿಗಿಟ್ಟೆ. ಆ ನೀರಿನಲ್ಲಿ ಮಾಡಿದ ಚಹಾವನ್ನು ಅತ್ತೆ ಒಂದೇ ಗುಟುಕು ಕುಡಿದು ಕಪ್ಪು ಕೆಳಗಿಟ್ಟರು. "ಇದರಾಗ ಔಷಧದ ವಾಸನಿ ಐತಿ ನೋಡವಾ." ಪ್ಲಾಸ್ಟಿಕ್ ಒಳಗಿದ್ದದ್ದನ್ನು ಹೀರಿಕೊಂಡಿರುತ್ತದೆ, ಆಮೇಲೆ ನೀರಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಎಷ್ಟು ತೊಳೆದರೂ ಹೋಗಲಿಲ್ಲ. ತಳದಲ್ಲಿ ತ್ರಿಕೋನದೊಳಗೆ 2 ಅಂತ ಇತ್ತು, ಅದನ್ನು ನೋಡಿಯೇ ನಾನು ನಂಬಿದ್ದೆ. ಆದರೆ ಆ 2 ಅಂದರೆ ಪ್ಲಾಸ್ಟಿಕ್ ಎಚ್‌ಡಿಪಿಇ ಅನ್ನುವ ಜಾತಿಯದು ಅಂತ, ಅಷ್ಟೇ. ಒಳಗೆ ಮೊದಲು ಏನು ತುಂಬಿದ್ದರು ಅಂತ ಅದು ಹೇಳುವುದಿಲ್ಲ. ಕುಡಿಯುವ ನೀರಿಗೆ ಹೊಸದನ್ನೇ, ಫುಡ್ ಗ್ರೇಡ್ ಅಂತ ಬರೆದದ್ದನ್ನೇ ತನ್ನಿ. ಉಳಿಸಲು ಹೋಗಬೇಡಿ.

ಎರಡನೆಯದು ಹೊಸ 200 ಲೀಟರಿನದು, ಅಗಲ ಬಾಯಿ, ತಿರುಗಿಸಿ ಮುಚ್ಚುವ ಮುಚ್ಚಳ. ತಪ್ಪು ಮಾಡಿದ್ದು ನಾವು. ಪದೇ ಪದೇ ತೆಗೆಯಬೇಕಲ್ವಾ ಅಂತ ಮುಚ್ಚಳ ಬಿಗಿ ಮಾಡುತ್ತಿರಲಿಲ್ಲ, ಸುಮ್ನೆ ಮೇಲಿಡುತ್ತಿದ್ದೆವು. ಒಂದು ಮಳೆಗಾಲ ಆಶಾ ಕಾರ್ಯಕರ್ತೆ ಮನೆಗೆ ಬಂದವರು ಬ್ಯಾರಲ್‌ನೊಳಗೆ ಟಾರ್ಚ್ ಬಿಟ್ಟರು. ನಾನೂ ಬಗ್ಗಿ ನೋಡಿದೆ. ದಾರದ ಚೂರಿನಂಥ ಹುಳುಗಳು ಮೇಲೆ ತಲೆಕೆಳಗಾಗಿ ತೂಗುತ್ತಿದ್ದವು. ಅವರು ಬ್ಯಾರಲ್ ತಟ್ಟಿದ ಕೂಡಲೇ ಒದ್ದಾಡುತ್ತಾ ತಳಕ್ಕಿಳಿದವು. ಸೊಳ್ಳೆ ಮರಿಗಳು. ಅದೇ ನೀರನ್ನು ಮಕ್ಕಳಿಗೆ ಕುಡಿಸುತ್ತಿದ್ದೆ ಅನ್ನುವುದು ನೆನಪಾದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿ ನೀರಿನಲ್ಲೇ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಿ ಹಾರಲು ಎಂಟು-ಹತ್ತು ದಿನ ಸಾಕು. ಮೊಟ್ಟೆ ಇಡುವುದು ನೀರಿನ ಅಂಚಿಗೆ ಸ್ವಲ್ಪ ಮೇಲೆ, ಬ್ಯಾರಲ್‌ನ ಗೋಡೆಗೆ. ಅಲ್ಲಿ ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ, ನೀರು ತಾಗಿದಾಗ ಒಡೆಯುತ್ತದೆ. ಅದಕ್ಕೇ ನೀರು ಚೆಲ್ಲಿ ಮತ್ತೆ ತುಂಬಿದರೆ ಉಪಯೋಗವಿಲ್ಲ. ಗೋಡೆಯನ್ನು ಬ್ರಷ್‌ನಿಂದ ಗಸಗಸ ತಿಕ್ಕಲೇಬೇಕು, ವಾರಕ್ಕೊಮ್ಮೆ.

ಇಲ್ಲಿಯೇ 200 ಲೀಟರಿನದರ ಕಷ್ಟ ಗೊತ್ತಾಗುವುದು. ಎತ್ತರ ಸುಮಾರು ಮೂರು ಅಡಿ, ನನ್ನ ಕೈ ತಳ ಮುಟ್ಟುವುದಿಲ್ಲ. ಕಾಲು ಭಾಗ ನೀರಿದ್ದರೂ 50 ಕೆಜಿ, ಒಬ್ಬಳೇ ಬಗ್ಗಿಸಲು ಆಗದು. ಮತ್ತೆ ನಮ್ಮೂರಲ್ಲಿ ತುಂಬಿದ ನೀರು ಚೆಲ್ಲಲು ಮನಸ್ಸಾದರೂ ಹೇಗೆ ಬರುತ್ತದೆ? ಹಾಗಾಗಿ ಆಮೇಲೆ 100 ಲೀಟರಿನದೊಂದು ತಂದೆ. ಈಗ ಕುಡಿಯುವ ನೀರು ಅದರಲ್ಲಿ, ದೊಡ್ಡದು ಬಳಕೆಗೆ. ತೊಳೆಯುವ ದಿನ ಉಳಿದದ್ದು ಬಟ್ಟೆಗೆ, ಗಿಡಕ್ಕೆ. ಇವತ್ತು ಕೊಳ್ಳುವುದಾದರೆ 100 ಲೀಟರಿನವೇ ಎರಡು ಕೊಳ್ಳುತ್ತೇನೆ. ಸಣ್ಣ ಬಾಯಿಯ ಬ್ಯಾರಲ್ ಮಾತ್ರ ಬೇಡವೇ ಬೇಡ, ಒಳಗೆ ಕೈಯೇ ಹೋಗುವುದಿಲ್ಲ.

ಚಿಕ್ಕ ಬ್ಯಾರಲ್‌ಗೆ ನಳ ಕೂರಿಸಿದ್ದು ನಾವು ಮಾಡಿದ ಅತಿ ಒಳ್ಳೆಯ ಕೆಲಸ. ಈಗ ಚರಿಗೆ ಅದ್ದುವುದಿಲ್ಲ, ಯಾರ ಕೈಯೂ ನೀರಿಗೆ ತಾಗುವುದಿಲ್ಲ, ಮುಚ್ಚಳ ಬಿಗಿಯಾಗಿಯೇ ಇರುತ್ತದೆ. ತೂತಿನ ಒಳಗೂ ಹೊರಗೂ ರಬ್ಬರ್ ವಾಷರ್ ಹಾಕಿಸಿ, ಇಲ್ಲದಿದ್ದರೆ ಸೋರುತ್ತದೆ. ನಳ ತಳದಿಂದ ನಾಲ್ಕು ಬೆರಳು ಮೇಲಿರಲಿ, ಗಸಿ ಕೆಳಗೇ ಕೂರುತ್ತದೆ. ಬೇಗಂ ತಾಲಾಬ್ ಕೆರೆಯಿಂದ ಊರಿಗೆ ಹಿಂದೆ ನೀರು ಬರುತ್ತಿದ್ದ ದಾರಿಯಲ್ಲಿ ಆದಿಲ್‌ಶಾಹಿಗಳು ಕಟ್ಟಿಸಿದ ಗಂಜ್ ಅನ್ನುವ ಗೋಪುರಗಳಿವೆಯಲ್ಲ, ಅವೂ ನೀರಿನ ಒತ್ತಡ ತಗ್ಗಿಸಿ ಕೆಸರನ್ನು ಕೆಳಗೆ ಕೂರಿಸುತ್ತಿದ್ದವು.

ಕುಡಿಯುವ ನೀರಿಗೆ ಕ್ಲೋರಿನ್ ಮಾತ್ರೆ ಹಾಕುತ್ತೇನೆ. ಎಷ್ಟು ಲೀಟರಿಗೆ ಎಷ್ಟು ಅಂತ ಪೊಟ್ಟಣದ ಮೇಲಿರುತ್ತದೆ, ಹಾಕಿ ಅರ್ಧ ಗಂಟೆ ಬಿಡಬೇಕು. ಬ್ಲೀಚಿಂಗ್ ಪೌಡರ್ ಆದರೆ 1000 ಲೀಟರಿಗೆ ಸುಮಾರು 2.5 ಗ್ರಾಂ ಲೆಕ್ಕ. ನೂರು ಲೀಟರಿಗೆ ಕಾಲು ಗ್ರಾಂ, ಅದನ್ನು ಅಡುಗೆಮನೆಯಲ್ಲಿ ಅಳೆಯುವುದು ಹೇಗೆ? ಮಾತ್ರೆಯೇ ವಾಸಿ. ನೀರು ರಾಡಿಯಾಗಿ ಬಂದರೆ ಮೊದಲು ಬಟ್ಟೆಯಲ್ಲಿ ಸೋಸಿಕೊಳ್ಳಿ, ರಾಡಿ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಎರಡೂ ಬ್ಯಾರಲ್ ನೆರಳಿನಲ್ಲಿ, ಶಹಾಬಾದ್ ಕಲ್ಲಿನ ಕಟ್ಟೆಯ ಮೇಲಿವೆ. ದೊಡ್ಡದು ಮೊದಲ ವರ್ಷ ಮಾಳಿಗೆ ಮೇಲಿತ್ತು. ನಮ್ಮ ಬಿಸಿಲಿಗೆ ಬಣ್ಣ ಬೆಳ್ಳಗಾಯಿತು, ಅಂಚು ಒಂದು ಕಡೆ ಸೀಳಿತು. ಕೆಳಗಿಳಿಸಿದ ಮೇಲೆ ಸೀಳು ಬೆಳೆದಿಲ್ಲ. ಚಿಕ್ಕದರ ಮುಚ್ಚಳದೊಳಗಿನ ರಬ್ಬರ್ ಬಳೆ ಮಾತ್ರ ಗಟ್ಟಿಯಾಗಿದೆ, ಬೆರಳಲ್ಲಿ ಒತ್ತಿದರೆ ಬಿರುಕು ಕಾಣುತ್ತದೆ. ಬಳೆ ಒಂದೇ ಬೇಕು ಅಂದರೆ ಅಂಗಡಿಯಲ್ಲಿ ಸಿಗುತ್ತಿಲ್ಲ, ಇಡೀ ಮುಚ್ಚಳ ಕೊಳ್ಳಿ ಅನ್ನುತ್ತಾರೆ. ಸದ್ಯ ತೆಳ್ಳನೆ ಬಿಳಿ ಬಟ್ಟೆ ಹೊದಿಸಿ ಅದರ ಮೇಲೆ ಮುಚ್ಚಳ ತಿರುಗಿಸುತ್ತಿದ್ದೇನೆ.