ಮನೆತನದ ಹೆಸರು ಕೇಳುವ ವಂಶವೃಕ್ಷದ ಸೈಟು: ವರ್ಷದ ಮೇಲೆ ಬಳಸಿ ಬರೆದಿದ್ದು

ಸೈಟಿನ ಹೆಸರು ಬರೆಯುವುದಿಲ್ಲ. ವಿದೇಶದ್ದು, ದುಡ್ಡು ಕಟ್ಟಿ ವಂಶವೃಕ್ಷ ಮಾಡಿಕೊಳ್ಳುವಂಥದ್ದು, ಜಾಹೀರಾತು ನೋಡಿದವರಿಗೆ ಅಂದಾಜಾಗುತ್ತದೆ. ಎಷ್ಟು ದಾಖಲೆ ಇದೆ, ಆ್ಯಪ್ ಹೇಗಿದೆ ಅನ್ನೋದನ್ನೆಲ್ಲ ಅವರೇ ಬೇಕಾದಷ್ಟು ಹೇಳಿಕೊಂಡಿದ್ದಾರೆ. ನನ್ನ ಸಿಟ್ಟು ಒಂದೇ ವಿಷಯಕ್ಕೆ. ಹೆಸರು ತುಂಬುವ ಕಡೆ ಎರಡು ಬಾಕ್ಸ್ ಇದೆ. ಒಂದು ಹೆಸರಿಗೆ, ಇನ್ನೊಂದು ಮನೆತನದ ಹೆಸರಿಗೆ. ಎರಡನೆಯದು ಖಾಲಿ ಬಿಟ್ಟರೆ ಹುಡುಕಾಟ ಹಳ್ಳ ಹಿಡಿಯುತ್ತದೆ.

ನಾನು ಕೋಲಾರದವನು. ಅಮ್ಮನ ಕಡೆಯವರು ಕೆಜಿಎಫ್‌ನ ಚಾಂಪಿಯನ್ ರೀಫ್‌ನವರು, ಕ್ಯಾಥೊಲಿಕರು. ನಮಗೆಲ್ಲಿಯ ಮನೆತನದ ಹೆಸರು? ಅಪ್ಪನ ಹೆಸರೇ ಇನಿಷಿಯಲ್. ಅಜ್ಜಿಯ ತಾತನ ಹೆಸರು ಥಾಮಸ್, ಅಷ್ಟೇ. ಅವರಪ್ಪ ಯಾರು ಅಂತ ಮನೆಯಲ್ಲಿ ಯಾರೂ ನೆಟ್ಟಗೆ ಹೇಳಿದ್ದಿಲ್ಲ. ಗಣಿಯ ಬಿಳಿ ಕ್ಯಾಪ್ಟನ್, ಅಂದರೆ ಗಣಿ ಕೆಲಸದ ಮೇಲ್ವಿಚಾರಕ, ಒಬ್ಬನಂತೆ ಅಂತ ನಮ್ಮ ಸೋದರಮಾವ ಮದುವೆ ಮನೆಗಳಲ್ಲಿ ಊಟ ಆದಮೇಲೆ ದನಿ ತಗ್ಗಿಸಿ ಹೇಳುತ್ತಾರೆ. ಅಜ್ಜಿಯನ್ನು ಕೇಳಿದರೆ ಎಲೆ ಅಡಿಕೆ ಡಬ್ಬಿ ಹುಡುಕೋಕೆ ಶುರು ಮಾಡುತ್ತಾರೆ.

ಬೇರೆ ದಾರಿ ಇಲ್ಲದೆ ಎರಡನೇ ಬಾಕ್ಸಿಗೆ ಥಾಮಸ್ ಅಂತ ಹಾಕಿದೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಥಾಮಸ್ ಅಂದರೆ ನಮ್ಮ ಕಡೆ ಗೌಡ ಅಂದ ಹಾಗೆ, ಬೀದಿಗೆ ಹತ್ತು ಜನ. 1880ರಲ್ಲಿ ಜಾನ್ ಟೇಲರ್ ಅನ್ನೋ ಗಣಿ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಅಲ್ಲಿನ ತವರ, ತಾಮ್ರದ ಗಣಿಯವರು ಬೇಕಾದಷ್ಟು ಜನ ಕೆಜಿಎಫ್‌ಗೆ ಬಂದರು ಅನ್ನೋದು ನಿಜವೇ. ಸೈಟಿಗೆ ಅಷ್ಟು ಸಾಕಾಯಿತು. ದಿನಾ ಬೆಳಿಗ್ಗೆ ಒಂದು ಸುಳಿವು ಕಳಿಸುತ್ತದೆ. ಕ್ಯಾಂಬೋರ್ನ್‌ನ ಥಾಮಸ್, ರೆಡ್ರೂತ್‌ನ ಥಾಮಸ್, ಒಬ್ಬ ಹಡಗಿನ ಬಡಗಿ ಥಾಮಸ್. ಒಂದು ದಿನ ಎದ್ದು ನೋಡಿದರೆ ನಮ್ಮಜ್ಜಿಗೆ ಆಸ್ಟ್ರೇಲಿಯಾದಲ್ಲಿ ಒಂದು ಸಂಸಾರವೇ ನೆಂಟರು!

ಮಾವನಿಗೆ ಖುಷಿಯೋ ಖುಷಿ. ಅವರ ಕಾಟಕ್ಕೆ ಒಬ್ಬ ಗಣಿ ಕ್ಯಾಪ್ಟನ್ ಥಾಮಸ್‌ನ ಉಯಿಲನ್ನೂ ತರಿಸಿದೆ. ಇಂಗ್ಲೆಂಡಿನಲ್ಲಿ 1858ರಿಂದ ಉಯಿಲುಗಳ ವರ್ಷವಾರು ಪಟ್ಟಿ ಇದೆ. ಸತ್ತವರ ಹೆಸರು, ಊರು, ಸತ್ತ ದಿನ, ಆಸ್ತಿಯ ಬೆಲೆ ಎಲ್ಲ ಅದರಲ್ಲೇ ಸಿಗುತ್ತದೆ. ನಕಲನ್ನು ಅಲ್ಲಿನ ಸರ್ಕಾರವೇ ಕೊಡುತ್ತದೆ, ಅದಕ್ಕೆ ಈ ಸೈಟಿನ ಚಂದಾ ಬೇಕಿಲ್ಲ. ಉಯಿಲು ಬಂತು. ಮನೆ, ಗೋಡೆ ಗಡಿಯಾರ, ಬ್ಯಾಂಕಿನ ದುಡ್ಡು ಎಲ್ಲ ಹೆಂಡತಿಗೆ, ಅವಳ ನಂತರ ಹೆಣ್ಣುಮಕ್ಕಳಿಗೆ. ಕೋಲಾರದ ಮಾತೇ ಇಲ್ಲ. ಮಾವನಿಗೆ ಓದಿ ಹೇಳಿದೆ. “ಅದನ್ನೆಲ್ಲ ಉಯಿಲಲ್ಲಿ ಬರೆಯೋಕಾಗುತ್ತೇನೋ?” ಅಂದರು. ಇದಕ್ಕೆ ಏನು ವಾದ ಮಾಡೋದು ಹೇಳಿ.

ಸುಳಿವುಗಳನ್ನು ಆಫ್ ಮಾಡಿದ ಮೇಲೆ ಮಾತ್ರ ಈ ಸೈಟು ನನಗೆ ಹಿಡಿಸಿತು. ಚರ್ಚುಗಳ ಹಳೇ ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಟಗಳ ಚಿತ್ರವನ್ನೇ ಒಂದೊಂದಾಗಿ ತಿರುವಿ ಹಾಕಬಹುದು. ಮೈಸೂರು ಸಂಸ್ಥಾನದ ಇಂಗ್ಲಿಷ್ ಚರ್ಚುಗಳು ಕಳಿಸಿದ ಆ ಪುಟಗಳ ನಕಲುಗಳು ಮದ್ರಾಸಿನ ಲೆಕ್ಕದಲ್ಲಿವೆ, ಮೈಸೂರು ಅಂತ ಹುಡುಕಿ ಸುಮ್ನೆ ಹೊತ್ತು ಕಳೆಯಬೇಡಿ. ರಾತ್ರಿ ಊಟ ಮುಗಿಸಿ, ಪಾತ್ರೆ ಎತ್ತಿಟ್ಟು, ಒಂದು ಲೋಟ ಕಾಫಿ ಹಿಡಿದು ಹಳೇ ಲ್ಯಾಪ್‌ಟಾಪ್ ಮುಂದೆ ಕೂತರೆ ಹನ್ನೊಂದು ಗಂಟೆ ಆಗೋದೇ ಗೊತ್ತಾಗಲ್ಲ. ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಅಪ್ಪನ ಕೆಲಸ. ಫಿಟ್ಟರ್, ಎಂಜಿನ್ ಡ್ರೈವರ್, ಗಣಿ ಕ್ಯಾಪ್ಟನ್. ಕೊನೆಯಲ್ಲಿ ಪಾದ್ರಿಯ ಸಹಿ, ಒಬ್ಬರದು ಅಂದವಾಗಿದ್ದರೆ ಇನ್ನೊಬ್ಬರದು ಕೋಳಿ ಕೆದರಿದ ಥರ. “ಯಾರ್ಯಾರದೋ ಮಕ್ಕಳ ನಾಮಕರಣ ಓದ್ಕೊಂಡು ಕೂತಿದೀರ” ಅಂತ ಹೆಂಡತಿ ಬೈದು ಮಲಗುತ್ತಾಳೆ.

ಅದರಲ್ಲಿ ನಮ್ಮ ಥಾಮಸ್ ಸಿಗಲಿಲ್ಲ. ಸಿಕ್ಕಿದ್ದು ಇಲ್ಲೇ, ನಮ್ಮ ಧರ್ಮಕೇಂದ್ರದ, ಅಂದರೆ ನಮ್ಮ ಕ್ಯಾಥೊಲಿಕ್ ಚರ್ಚಿನ, ಬೀರುವಿನಲ್ಲಿದ್ದ ಜ್ಞಾನಸ್ನಾನದ ಪುಸ್ತಕದಲ್ಲಿ. ಫಾದರ್ ಒಪ್ಪಿದರು, ಪುಟ ತಿರುವಿದ್ದು ಉಪದೇಶಿ (ಚರ್ಚಿನಲ್ಲಿ ಫಾದರ್‌ಗೆ ನೆರವಾಗುವವರು), ನನಗೆ ಮುಟ್ಟೋಕೆ ಬಿಡಲಿಲ್ಲ. ಎಲ್ಲ ಲ್ಯಾಟಿನ್. ತಿಂಗಳುಗಟ್ಟಲೆ ಆ ಹಳೇ ಕೈಬರಹ ಓದಿ ಕಣ್ಣು ಪಳಗಿತ್ತಲ್ಲ, ಅದು ಇಲ್ಲಿ ಉಪಯೋಗಕ್ಕೆ ಬಂತು, ಅಷ್ಟರ ಮಟ್ಟಿಗೆ ಸೈಟಿಗೆ ಥ್ಯಾಂಕ್ಸ್. ಅಪ್ಪನ ಜಾಗದಲ್ಲಿ ‘ಪಾತೆರ್ ಇಗ್ನೋತುಸ್’, ಅಂದರೆ ತಂದೆ ಗೊತ್ತಿಲ್ಲ. ತಾಯಿ ಮರಿಯ, ಅಷ್ಟೇ. ಆದರೆ ಜ್ಞಾನ ತಂದೆ, ಜ್ಞಾನ ತಾಯಿ, ಅಂದರೆ ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವವರು, ಅವರ ಹೆಸರು ಪೂರ್ತಿ ಇತ್ತು. ಪಕ್ಕದ ಅಂಚಿನಲ್ಲಿ ಬೇರೆ ಶಾಯಿಯಲ್ಲಿ ಮುಂದೆ ಮದುವೆಯಾದ ಚರ್ಚಿನ ಹೆಸರು! 1908ರಿಂದ ಕ್ಯಾಥೊಲಿಕರಲ್ಲಿ ಮದುವೆಯನ್ನು ಜ್ಞಾನಸ್ನಾನದ ಪುಸ್ತಕದಲ್ಲೂ ಗುರುತು ಮಾಡುವ ನಿಯಮ ಇದೆ. ಇಷ್ಟು ದಿನ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಆ ಜ್ಞಾನ ತಂದೆಯೇ ಮುಂದಿನ ಪುಟಗಳಲ್ಲಿ ಮತ್ತೆ ಮತ್ತೆ ಬರುತ್ತಾರೆ, ಒಂದು ಕಡೆ ಊರು ಆಗಿನ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟಿನ ಕಡೆಯದು ಅಂತ ಬರೆದಿದೆ. ಗಣಿ ಕೂಲಿಗೆ ಆ ಕಡೆಯಿಂದ ತುಂಬಾ ಜನ ಬಂದಿದ್ದರು. ಮರಿಯಮ್ಮನ ಊರೂ ಅದೇ ಇರಬಹುದು ಅಂತ ನನ್ನ ಅನುಮಾನ.

ಇದನ್ನೆಲ್ಲ ಸೈಟಿಗೆ ಹಾಕೋಣ ಅಂದರೆ ಜ್ಞಾನ ತಂದೆಗೆ ಬಾಕ್ಸೇ ಇಲ್ಲ. ಅಪ್ಪನ ಬಾಕ್ಸ್ ಖಾಲಿ ಬಿಟ್ಟರೆ ಅಲ್ಲೊಂದು ಕಾರ್ನ್‌ವಾಲ್ ಥಾಮಸ್‌ನನ್ನು ಕೂರಿಸಲು ಕಾಯುತ್ತಾ ಇರುತ್ತದೆ.

ನನ್ನ ಸಂಬಳಕ್ಕೆ ವರ್ಷದ ಚಂದಾ ಜಾಸ್ತಿ. ಪಕ್ಕದ ಮನೆಯವರ ಹಳ್ಳಿಗೆ ಹೆಳವರು ಬಂದು ತಲೆಮಾರುಗಳ ಹೆಸರು ಒಪ್ಪಿಸುತ್ತಿದ್ದರಂತೆ, ಕಾಳುಕಡ್ಡಿ ಕೊಟ್ಟರೆ ಆಯಿತು. ನಮಗೆ ಆ ಪುಣ್ಯ ಇಲ್ಲ. ಮೊದಲು ಫ್ಯಾಮಿಲಿಸರ್ಚ್ (ಇನ್ನೊಂದು ವಂಶವೃಕ್ಷದ ಸೈಟು), ಫಿಬಿಸ್ (ಬ್ರಿಟಿಷ್ ಭಾರತದ ಕುಟುಂಬಗಳ ದಾಖಲೆಯ ಸಂಘ) ನೋಡಿ, ಎರಡರಲ್ಲೂ ಹುಡುಕೋದು ಉಚಿತ. ಇಂಗ್ಲಿಷ್ ಚರ್ಚಿನ ಪುಟಗಳು ಬೇಕೇ ಬೇಕು ಅನ್ನುವವರು ಈ ಸೈಟಿನ ಚಂದಾ ಒಂದು ತಿಂಗಳಿಗೆ ಮಾತ್ರ ತಗೊಳ್ಳಿ, ತಾನಾಗಿ ರಿನ್ಯೂ ಆಗೋದನ್ನು ಅವತ್ತೇ ನಿಲ್ಲಿಸಿ. ಐದಕ್ಕೆ ಎರಡೂವರೆ ಸ್ಟಾರ್, ಆ ಅರ್ಧ ಸ್ಟಾರ್ ರಾತ್ರಿಯ ಓದಿಗೆ.

ಮಾವ ಈಗ ಡಿಎನ್‌ಎ ಕಿಟ್ ತರಿಸು ಅಂತಿದ್ದಾರೆ. ದುಡ್ಡು ಅವರೇ ಕೊಟ್ಟರೆ ಅದರ ವಿಮರ್ಶೆಯನ್ನೂ ಬರೆಯುತ್ತೇನೆ.