28 ಗ್ರಾಂ ಬೆಳ್ಳಿ ಕರಡಿಗೆ: ಆರು ತಿಂಗಳು ಕೊರಳಲ್ಲಿ ಹಾಕಿಕೊಂಡ ಮೇಲೆ

ಆರು ತಿಂಗಳ ಹಿಂದೆ ಹುಬ್ಬಳ್ಳಿಯಲ್ಲಿ ಒಬ್ಬ ಪತ್ತಾರರ ಹತ್ತಿರ ಬೆಳ್ಳಿ ಕರಡಿಗೆ ಮಾಡಿಸಿದೆ, ಅಂದರೆ ಲಿಂಗಾಯತರು ಕೊರಳಲ್ಲಿ ಧರಿಸುವ ಇಷ್ಟಲಿಂಗವನ್ನು ಇಡುವ ಪುಟ್ಟ ಡಬ್ಬಿ. ತೂಕ 28 ಗ್ರಾಂ. ತಿರುಪಿನ ಮುಚ್ಚಳ, ಎರಡೂ ಕಡೆ ಶಿವದಾರಕ್ಕೆ (ಕೊರಳಿಗೆ ಹಾಕಿಕೊಳ್ಳುವ ದಾರಕ್ಕೆ) ಕೊಂಡಿ. ಮೇಲೆ ನಂದಿ ಇಲ್ಲ, ಬಳ್ಳಿ ಇಲ್ಲ, ಕೆಂಪು ಹರಳಿಲ್ಲ, ಬರೀ ನುಣುಪು. ‘ಇಷ್ಟ ಸಾಕೇನ್ರೀ?’ ಅಂತ ಅಂಗಡಿಯವರು ಮೂರು ಸಲ ಕೇಳಿದರು.

ಇಷ್ಟೇ ಸಾಕು ಅನ್ನುವುದಕ್ಕೆ ನನಗೆ ಹನ್ನೊಂದು ವರ್ಷ ಹಿಡಿಯಿತು. ಡಿಗ್ರಿಗೆ ಅಂತ ಬೆಂಗಳೂರಿಗೆ ಬಂದಾಗ ಹಾಸ್ಟೆಲಿನಲ್ಲಿ ಒಬ್ಬ ‘ಏನೋ ಇದು, ತಾಯತಾನಾ?’ ಅಂತ ಕೇಳಿ ನಕ್ಕ. ಅಷ್ಟೇ ಆಗಿದ್ದು. ಮಾರನೇ ದಿನವೇ ಲಿಂಗ ಟ್ರಂಕಿನ ತಳ ಸೇರಿತು. ಊರಿಗೆ ಹೋಗುವಾಗ ಮಾತ್ರ, ರಾಣೆಬೆನ್ನೂರು ದಾಟಿದ ಮೇಲೆ, ಬಸ್ಸಿನ ಕತ್ತಲಲ್ಲಿ ಬ್ಯಾಗಿನಿಂದ ತೆಗೆದು ಹಾಕಿಕೊಳ್ಳುತ್ತಿದ್ದೆ, ಇಲ್ಲದಿದ್ದರೆ ಅವ್ವ ಬೈತಾಳೆ, ಓಣಿಯವರು ಆಡಿಕೊಳ್ಳುತ್ತಾರೆ ಅಂತ. ಅಲ್ಲಿಯವರಿಗೆ ಹೆದರಿ ಬಿಚ್ಚಿಡುವುದು, ಇಲ್ಲಿಯವರಿಗೆ ಹೆದರಿ ಕಟ್ಟಿಕೊಳ್ಳುವುದು. ಈ ಲೆಕ್ಕದಲ್ಲಿ ದೇವರು ಎಲ್ಲಿದ್ದ?

ಸರಿ, ಇನ್ನು ದಿನಾ ಹಾಕಿಕೊಳ್ಳೋಣ ಅಂತ ಮನಸ್ಸು ಮಾಡಿದರೆ, ಮಾವ ಅಡ್ಡ ಬಂದರು. ‘ಸಣ್ಣದು ಹಾಕ್ಕೊಂಡ್ರ ಮಂದಿ ಏನಂತಾರ? ನೌಕರಿ ಐತಿ, ಕಾಲು ಕಿಲೋ ಬೆಳ್ಳಿ ಹಾಕಾಕ ಆಗಲಿಲ್ಲೇನು ಅಂತಾರ.’ ಅವರು ತೋರಿಸಿದ್ದು ದೊಡ್ಡ ಲಿಂಗದಕಾಯಿ, ಅದೂ ಲಿಂಗ ಇಡುವ ಡಬ್ಬಿಯೇ, ಅಂಗಿ ಮೇಲೆ ಎದ್ದು ಕಾಣುವಂಥದ್ದು. ನಿಜ ಹೇಳಬೇಕೆಂದರೆ ನನಗೂ ಆಸೆಯಾಯಿತು, ಕೈಯಲ್ಲಿ ಹಿಡಿದೂ ನೋಡಿದೆ. ಆಮೇಲೆ ಹೊಳೆಯಿತು, ಇದೂ ಅದೇ ಮಂದಿ, ಅದೇ ಹೆದರಿಕೆ. ‘ಕಳಬೇಡ ಕೊಲಬೇಡ’ ಶಾಲೆಯಲ್ಲಿ ಎಲ್ಲರೂ ಬಾಯಿಪಾಠ ಮಾಡಿದವರೇ. ಅದರ ನಡುವೆ ಬಸವಣ್ಣನವರು ‘ತನ್ನ ಬಣ್ಣಿಸಬೇಡ’ ಅಂತಲೂ ಸೇರಿಸಿ, ಕೊನೆಗೆ ಕೂಡಲಸಂಗಮದೇವರನ್ನು ಒಲಿಸುವ ಪರಿ ಇದೇ ಅಂದಿದ್ದಾರೆ. ನಾವು ಕಳಬೇಡ ಹತ್ತಿರವೇ ನಿಂತುಬಿಟ್ಟಿದ್ದೇವೆ, ಅಲ್ವಾ?

ಇರಲಿ, ಕರಡಿಗೆಗೆ ಬರುತ್ತೇನೆ.

ಅಳತೆ ಸರಿಯಾಗಿ ಕೂತಿದೆ. ಇದು ಮುಖ್ಯ, ಯಾಕೆಂದರೆ ಒಳಗೆ ಜಾಗ ಜಾಸ್ತಿಯಾದರೆ ಲಿಂಗ ಅಲುಗಾಡಿ ಅದರ ಕಂತಿಗೆ (ಮೇಲಿನ ಕಪ್ಪು ಲೇಪಕ್ಕೆ) ಪೆಟ್ಟು ಬೀಳುತ್ತದೆ. ನನ್ನದರಲ್ಲಿ ವಸ್ತ್ರ ಸುತ್ತಿ ಇಟ್ಟರೆ ಕಿವಿ ಹತ್ತಿರ ಅಲ್ಲಾಡಿಸಿದರೂ ಸದ್ದಿಲ್ಲ. ಅಂಗಿ ಒಳಗಿದ್ದರೆ ಹೊರಗೆ ಗೊತ್ತಾಗುವುದಿಲ್ಲ, ಹೊರಗೆ ಬಂದರೂ ನಾನೀಗ ಒಳಗೆ ತುರುಕುವುದಿಲ್ಲ. ಆಫೀಸಿನ ಐಡಿ ಕಾರ್ಡಿನ ದಾರಕ್ಕೂ ಶಿವದಾರಕ್ಕೂ ದಿನಾ ಸಿಕ್ಕು, ಅದೊಂದು ರಗಳೆ.

ತೊಂದರೆ ಕೊಂಡಿಯದು. ಒಳ ಅಂಚು ಸರಿಯಾಗಿ ಉಜ್ಜಿರಲಿಲ್ಲ. ಎರಡನೇ ತಿಂಗಳಲ್ಲಿ ದಾರ ಎಳೆ ಎಳೆಯಾಗಿ ಸವೆದು ಒಂದು ದಿನ ಸಿಟಿ ಬಸ್ಸಿನಲ್ಲಿ ಕಿತ್ತೇ ಹೋಯಿತು. ಪುಣ್ಯಕ್ಕೆ ಕೂತಿದ್ದೆ, ತೊಡೆ ಮೇಲೆ ಬಿತ್ತು. ಪಕ್ಕದಲ್ಲಿದ್ದವರು ಏನದು ಅಂತ ಕೇಳಿದರು. ಇಷ್ಟಲಿಂಗ ಅಂದೆ. ‘ಓ’ ಅಂದು ಮತ್ತೆ ಮೊಬೈಲ್ ನೋಡತೊಡಗಿದರು. ಹನ್ನೊಂದು ವರ್ಷ ನಾನು ಹೆದರಿದ್ದು ಈ ‘ಓ’ಗೆ!

ಮುಂದಿನ ಸಲ ಊರಿಗೆ ಹೋದಾಗ ಅಂಗಡಿಯವರು ಅರ ಹಾಕಿ ಅಂಚು ನಯ ಮಾಡಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಈ ಕೆಲಸ ಮೊದಲೇ ಮಾಡಬೇಕಿತ್ತು. ಮಜೂರಿ ಕಡಿಮೆ ಏನೂ ಇರಲಿಲ್ಲ.

ಬೆವರಿಗೆ ಬೆಳ್ಳಿ ಬೇಗ ಕಪ್ಪಾಗುತ್ತದೆ. ನುಣುಪಾಗಿರುವುದರಿಂದ ಒಂದು ಚಿಟಿಕೆ ವಿಭೂತಿ ಹಾಕಿ ಬಟ್ಟೆಯಲ್ಲಿ ತಿಕ್ಕಿದರೆ ಸಾಕು, ನಕ್ಕಾಶಿ ಇರುವುದಾದರೆ ಸಂದಿಗಳಲ್ಲಿ ಕಪ್ಪು ಉಳಿದುಬಿಡುತ್ತದೆ. ಬೆಳಿಗ್ಗೆ ಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಂಡು ಕೂತಾಗ ಖಾಲಿ ಕರಡಿಗೆ ಪಕ್ಕದಲ್ಲಿ ಬಾಯಿ ತೆರೆದು ಬಿದ್ದಿರುತ್ತದೆ. ಆ ಹತ್ತು ನಿಮಿಷ ಅದು 28 ಗ್ರಾಮೋ ಕಾಲು ಕಿಲೋನೋ ಯಾರಿಗೆ ಬೇಕು?

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿತ ಆ ಕೊಂಡಿಗೆ. ಮಾಡಿಸುವವರು ಅಂಗಡಿಯಲ್ಲೇ ಕೊಂಡಿಯೊಳಗೆ ಬೆರಳು ಆಡಿಸಿ ನೋಡಿ, ಚುಚ್ಚಿದರೆ ಅಲ್ಲೇ ವಾಪಸ್ ಕೊಡಿ.