ಬ್ಲೂನೋಸ್ ಹಾಯಿಹಡಗಿನ ಮರದ ಕಿಟ್: ಕೊಂಡು, ಕಟ್ಟಿ, ಕಾಪಾಡಿದ ಮೇಲಿನ ಮಾತು

ಕೆನಡಾದ ಹೆಸರಾಂತ ಹಾಯಿಹಡಗು ಬ್ಲೂನೋಸ್‌ನ 1:75 ಅಳತೆಯ (ಮೂಲದ ಎಪ್ಪತ್ತೈದನೆಯ ಒಂದು ಭಾಗದ) ಈ ಮರದ ಮಾದರಿಯ ಕಿಟ್ಟನ್ನು ಹೊರದೇಶದಿಂದ ತರಿಸಿಕೊಂಡು, ಬಸವನಗುಡಿಯ ನಮ್ಮ ಮನೆಯ ಊಟದ ಮೇಜಿನ ಮೇಲೆಯೇ ಕಟ್ಟಿದೆ. ಕಟ್ಟಿ ಮುಗಿಸಿದ ಮೇಲೂ ಹಲವು ಮಳೆಗಾಲ, ಬೇಸಿಗೆಗಳು ಕಳೆದಿವೆ. ಕಟ್ಟಿದ ಹುರುಪಿನಲ್ಲಿ ಬರೆದ ವಿಮರ್ಶೆಗಳಲ್ಲಿ ಮರ ಮುಂದೆ ಹೇಗೆ ನಡೆದುಕೊಂಡಿತು ಎಂಬ ಸುದ್ದಿಯೇ ಇರುವುದಿಲ್ಲವಾದ್ದರಿಂದ ಇಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಮರ ಚೆನ್ನಾಗಿದೆ, ದಾರ ಕಳಪೆ, ಸೂಚನಾ ಪುಸ್ತಕ ಅರ್ಧಂಬರ್ಧ. ಆದರೂ ಮೊದಲ ಮರದ ಹಡಗಿಗೆ ಇದನ್ನು ಧೈರ್ಯವಾಗಿ ಆರಿಸಬಹುದು.

ಧೈರ್ಯವಾಗಿ ಎನ್ನಲು ಕಾರಣವಿದೆ. ಇದು ಎರಡೇ ಕಂಬಗಳ ಸ್ಕೂನರ್, ಎಂದರೆ ಹಾಯಿಗಳನ್ನು ಹಡಗಿನ ಉದ್ದಕ್ಕೆ ಕಟ್ಟುವ ಬಗೆಯದು. ಫಿರಂಗಿಗಳ ಸಾಲಿಲ್ಲ, ಯುದ್ಧನೌಕೆಗಳಲ್ಲಿರುವಷ್ಟು ಹಗ್ಗಗಳ ಗೋಜಲೂ ಇಲ್ಲ. ನೋವಾ ಸ್ಕೋಷಿಯಾದ ಲೂನೆನ್‌ಬರ್ಗ್‌ನಲ್ಲಿ 1921ರಲ್ಲಿ ನೀರಿಗಿಳಿದ ಈ ಹಡಗು ಮೀನುಗಾರಿಕೆಯಲ್ಲೂ ಪಂದ್ಯಗಳಲ್ಲೂ ಹೆಸರು ಮಾಡಿದ್ದರಿಂದ ಚಿತ್ರಗಳೂ ನಕ್ಷೆಗಳೂ ಧಾರಾಳವಾಗಿ ಸಿಗುತ್ತವೆ, ಸೂಚನಾ ಪುಸ್ತಕ ಕೈಕೊಟ್ಟ ಕಡೆ ಅವೇ ಆಧಾರ. ಆದರೆ ಬಣ್ಣದ ಛಾಯಾಚಿತ್ರಗಳಲ್ಲಿ ಕಾಣುವುದು 1963ರಲ್ಲಿ ಕಟ್ಟಿದ ಪ್ರತಿರೂಪ, ಬ್ಲೂನೋಸ್ 2. ಮೂಲ ಹಡಗು 1946ರಲ್ಲೇ ಹೈಟಿಯ ಬಳಿ ಮುಳುಗಿಹೋಯಿತು. ಅಟ್ಟದ (ಹಡಗಿನ ಮೇಲ್ಹಾಸು, ಡೆಕ್) ಮೇಲಿನ ವಿವರಗಳನ್ನು ನಕಲು ಮಾಡುವಾಗ ಯಾವುದನ್ನು ನೋಡುತ್ತಿದ್ದೇವೆ ಎಂಬ ಎಚ್ಚರವಿರಲಿ.

ಪೆಟ್ಟಿಗೆ ತೆರೆದಾಗ ಪ್ಲೈವುಡ್ಡಿನ ಬೆನ್ನೆಲುಬು ಹಲಗೆ ಸ್ವಲ್ಪ ಬಾಗಿತ್ತು. ಗಾಜಿನ ಮೇಲೆ ಮಲಗಿಸಿ ನೋಡಿದರೆ ಬಾಗು ಕೂಡಲೇ ತಿಳಿಯುತ್ತದೆ. ಹಬೆ ಹಿಡಿದು ಭಾರ ಹೇರಿಟ್ಟರೆ ಸರಿಹೋಗುತ್ತದೆ. ಬೆನ್ನೆಲುಬಿಗೆ ಅಡ್ಡಲಾಗಿ ಪಕ್ಕೆಲುಬಿನಂತೆ ನಿಲ್ಲುವ ಅಡ್ಡಹಲಗೆಗಳನ್ನು ಕೂರಿಸಿದ ಮೇಲೆ ಅವುಗಳ ಅಂಚನ್ನು ಸ್ಯಾಂಡ್‌ಪೇಪರಿನಿಂದ ಓರೆಗೊಳಿಸುವ ಕೆಲಸಕ್ಕೆ ಪುಸ್ತಕ ಒಂದೇ ಸಾಲು ಕೊಟ್ಟಿದೆ, ಆದರೆ ಹಡಗಿನ ಚೆಲುವೆಲ್ಲ ನಿರ್ಧಾರವಾಗುವುದು ಅಲ್ಲಿಯೇ. ಮೈಗೆ ಎರಡು ಪದರವಾಗಿ ಹೊದಿಸುವ ಮರದ ಪಟ್ಟಿಗಳಲ್ಲೊಂದನ್ನು ಮೂತಿಯಿಂದ ಹಿಂಬದಿಯವರೆಗೆ ಒತ್ತಿ ಹಿಡಿದಾಗ ಯಾವ ಅಡ್ಡಹಲಗೆಯ ಬಳಿಯೂ ಪಟ್ಟಿಯಡಿಯಿಂದ ಬೆಳಕು ನುಸುಳಬಾರದು. ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದು ಎಂದು ಸರದಿಯಲ್ಲಿ ಅಂಟಿಸಬೇಕು, ಒಂದೇ ಬದಿ ಮುಗಿಸಿದರೆ ಬೆನ್ನೆಲುಬು ತಿರುಚಿಕೊಳ್ಳುತ್ತದೆ. ಮೊದಲ ಪದರ ಉಬ್ಬುತಗ್ಗಾಗಿ ಕಂಡು ಕೈಬಿಡುವ ಮನಸ್ಸಾಗುವುದು ಎಲ್ಲರಿಗೂ ಸಹಜ, ಆದರೆ ಅದು ಎರಡನೆಯ ಪದರದ ಅಡಿಯಲ್ಲಿ ಮುಚ್ಚಿಹೋಗುವಂಥದ್ದು. ಬಡಗಿಗಳಂತೆ ಮರದ ಹುಡಿಗೆ ಫೆವಿಕಾಲ್ ಕಲಸಿ ಸಂದುಗಳಿಗೆ ತುಂಬಿ ಉಜ್ಜಿದರೆ ಮುಗಿಯಿತು.

ಇನ್ನು ಬೆಂಗಳೂರಿನ ಹವೆ. ಮರ ಉದ್ದಕ್ಕೆ ಹೆಚ್ಚೇನೂ ಹಿಗ್ಗುವುದಿಲ್ಲ, ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ನನ್ನ ಹಡಗಿನ ಮೈಪಟ್ಟಿಗಳನ್ನು ಮಾರ್ಚ್‌ನ ಒಣಹವೆಯಲ್ಲಿ ಹೊದಿಸಿದ್ದೆ, ಇಂದಿಗೂ ಒಂದು ಸಂದು ಬಿಟ್ಟಿಲ್ಲ. ಅಕ್ಟೋಬರ್ ಮಳೆಯಲ್ಲಿ ಅಂಟಿಸಿದ ಅಟ್ಟದ ಪಟ್ಟಿಗಳ ನಡುವೆ ಮಾತ್ರ ಪ್ರತಿ ಬೇಸಿಗೆಯಲ್ಲೂ ಕೂದಲೆಳೆಯ ಬಿರುಕು ತೆರೆದುಕೊಂಡು, ಜೂನ್ ಕಳೆದ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಪೆಟ್ಟಿಗೆ ಬಂದ ಕೂಡಲೇ ಅಂಟು ಹಿಡಿಯದೆ, ಪಟ್ಟಿಗಳ ಕಟ್ಟು ಬಿಚ್ಚಿ ಕೆಲವು ವಾರ ಕೋಣೆಯಲ್ಲಿಟ್ಟು, ಮರ ಹೊದಿಸುವ ಕೆಲಸವನ್ನು ಫೆಬ್ರುವರಿಯಿಂದ ಏಪ್ರಿಲ್ ನಡುವೆ ಇಟ್ಟುಕೊಳ್ಳುವುದು ಲೇಸು. ಮಳೆಗಾಲಕ್ಕೆ ಕಂಬ, ರಾಟೆ, ಹಗ್ಗದ ಕೆಲಸ ಬೇಕಾದಷ್ಟಿರುತ್ತದೆ. ಮುಗಿದ ಮೈಗೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ತೆಳು ಲೇಪ ಕೊಟ್ಟರೆ ತೇವ ಒಳಗಿಳಿಯುವುದು ನಿಧಾನವಾಗುತ್ತದೆ.

ಕಿಟ್ಟಿನೊಂದಿಗೆ ಬಂದ ದಾರವನ್ನು ಎಸೆದರೂ ನಷ್ಟವಿಲ್ಲ. ನೂಲೆಲ್ಲ ಜುಂಗು ಬಿಟ್ಟಿದೆ, ಮೇಲಾಗಿ ಎಲ್ಲವೂ ಒಂದೇ ದಪ್ಪ. 25 ಮಿಲಿಮೀಟರಿನ ಹಗ್ಗ ಈ ಅಳತೆಯಲ್ಲಿ ಮಿಲಿಮೀಟರಿನ ಮೂರನೆಯ ಒಂದು ಭಾಗವಷ್ಟೇ ಆಗಬೇಕು. ಚಿಕ್ಕಪೇಟೆಯ ನೂಲಿನ ಅಂಗಡಿಗಳಲ್ಲಿ ಬೇರೆ ಬೇರೆ ದಪ್ಪದ ಪಾಲಿಯೆಸ್ಟರ್ ದಾರ ಆರಿಸಿ ತಂದು, ಜೇನುಮೇಣದ ಉಂಡೆಯ ಮೇಲೆ ಎರಡು ಬಾರಿ ಎಳೆದರೆ ಜುಂಗು ಮಲಗುತ್ತದೆ, ಗಂಟೂ ಜಾರುವುದಿಲ್ಲ. ಚಿಮುಟಕ್ಕೆ ವಿದೇಶಿ ಬೆಲೆ ತೆರುವ ಅಗತ್ಯವಿಲ್ಲ. ನಗರ್ತಪೇಟೆಯಲ್ಲಿ ಸಿಗುವ ಅಕ್ಕಸಾಲಿಗರ ಚಿಮುಟಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಸಣ್ಣ ಡ್ರಿಲ್ ಬಿಟ್‌ಗಳಿಗೆ ಎಸ್.ಪಿ. ರಸ್ತೆ ಇದ್ದೇ ಇದೆ.

ಬೆಲೆಯ ಮಾತು ಬಂದರೆ, ಸಾಗಣೆ ಮತ್ತು ಆಮದು ಸುಂಕ ಸೇರಿದಾಗ ಪೆಟ್ಟಿಗೆಯ ಮೇಲಿನ ದರಕ್ಕಿಂತ ಬಹಳ ಹೆಚ್ಚಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಜಾಗದ ಲೆಕ್ಕವೂ ಅಷ್ಟೇ ಮುಖ್ಯ. ಮೂಲ ಹಡಗಿನ ಉದ್ದ ಸುಮಾರು 43 ಮೀಟರ್, ಅಟ್ಟದಿಂದ ದೊಡ್ಡ ಕಂಬದ ತುದಿಗೆ ಸುಮಾರು 38 ಮೀಟರ್. ಈ ಅಳತೆಯಲ್ಲಿ ಮೈಯೇ 58 ಸೆಂಟಿಮೀಟರ್ ಹತ್ತಿರ, ಕಂಬ 50 ಸೆಂಟಿಮೀಟರ್ ದಾಟುತ್ತದೆ. ಮುಂಚಾಚು (ಮೂತಿಯಿಂದ ಮುಂದಕ್ಕೆ ಚಾಚಿದ ಕಂಬ), ಪೀಠ ಸೇರಿಸಿಕೊಂಡು ಗಾಜಿನ ಪೆಟ್ಟಿಗೆ ಮಾಡಿಸಿ. ಫ್ಯಾನಿನ ಕೆಳಗೆ ತೆರೆದಿಟ್ಟರೆ ಹಗ್ಗಗಳ ಮೇಲೆ ಕೂರುವ ಧೂಳನ್ನು ಮೆತ್ತನೆಯ ಕುಂಚದಿಂದಲೂ ಪೂರ್ತಿ ತೆಗೆಯಲಾಗದು.